ಮೂರು ಪಡೆಗಳ ನಾಯಕರು

ಭಾರತಕಥೆಯನ್ನು ಓದಿದವರಿಗೆ ಕೌರವರ ಪಾಳೆಯದ ಒಂದು ಸಂಗತಿ ನೆನಪಿರಬಹುದು. ಭೀಷ್ಮನಿಗೆ ಸೇನಾಪತಿಯ ಪಟ್ಟವಾದಾಗ, ಆತನಿರುವವರೆಗೆ ತಾನು ಆಯುಧ ಹಿಡಿಯುವುದಿಲ್ಲವೆಂದು ಕರ್ಣನು ಬಿಡಾರದಲ್ಲಿಯೇ ಕುಳಿತನು. ಹತ್ತು ದಿನ ಕಾಳಗ ನಡೆಯಿತು. ಹತ್ತು ದಿನವೂ ಅಂಥ ವೀರನ ಬಿಲ್ಲು ಸುಮ್ಮನಿದ್ದಿತು. ಅಲ್ಲಿ ಬಲಕ್ಕೆ ಕೊರತೆಯಿರಲಿಲ್ಲ, ಕೂಡಿ ನಡೆಯುವ ಮನಸ್ಸಿಗೆ ಕೊರತೆಯಿದ್ದಿತು. ಇಂದು ಭೂಸೇನೆ, ನೌಕಾಪಡೆ, ವಾಯುಪಡೆಗಳಿಗೆ ನಾಯಕರನ್ನು ಸಿದ್ಧಗೊಳಿಸುವಲ್ಲಿಯೂ ಮುಖ್ಯವಾದ ಪ್ರಶ್ನೆ ಇದೇ.

ನಮ್ಮ ನಾಡಿನ ಬಾಗಿಲಲ್ಲೇ ಇದಕ್ಕೊಂದು ನಿದರ್ಶನವಿದೆ. 1961ರ ಡಿಸೆಂಬರ್ 18ರಂದು ಗೋವೆಯ ವಿಮೋಚನೆಗಾಗಿ ಮೂರು ಪಡೆಗಳೂ ಒಟ್ಟಿಗೆ ಹೊರಟವು. ಮೇಜರ್ ಜನರಲ್ ಕ್ಯಾಂಡೆತ್ ಅವರ 17ನೆಯ ಡಿವಿಷನ್ನು ಬೆಳಗಾವಿಯ ಕಡೆಯಿಂದ ಗಡಿ ದಾಟಿತು. ಸಾಂಬ್ರಾ, ಪುಣೆಗಳ ನೆಲೆಗಳಿಂದ ವಿಮಾನಗಳು ಹಾರಿದವು. ಕಾರವಾರದ ಎದುರಿನ ಅಂಜದೀವದ್ವೀಪಕ್ಕೆ ನಮ್ಮ ನಾವಿಕರು ಇಳಿದರು. ಅವರಲ್ಲಿ 7 ಮಂದಿ ಅಲ್ಲಿಯೇ ಪ್ರಾಣ ಕೊಟ್ಟರು. ಮರುದಿನ ಪೋರ್ಚುಗೀಸರು ಶರಣಾದರು. ಆದರೆ ವರುಷ ತುಂಬುವ ಮೊದಲೇ, 1962ರ ಚೀನಾ ಯುದ್ಧದಲ್ಲಿ, ನಮ್ಮ ಕಾಳಗದ ವಿಮಾನಗಳು ನೆಲದಲ್ಲಿಯೇ ನಿಂತವು. ಒಮ್ಮೆ ಕೂಡಿ ಗೆದ್ದ ಮಾತ್ರಕ್ಕೆ ಕೂಡಿ ಯೋಚಿಸುವ ಅಭ್ಯಾಸ ಬೆಳೆಯದು.

ಆ ಅಭ್ಯಾಸ ಎಳೆಯ ವಯಸ್ಸಿನಲ್ಲಿಯೇ ತೊಡಗಬೇಕೆಂದು 1949ರಲ್ಲಿ ಡೆಹರಾಡೂನಿನಲ್ಲಿ ಮೂರು ಪಡೆಗಳ ಕಿರಿಯರಿಗೂ ಒಂದೇ ಶಾಲೆ ತೆರೆಯಿತು. ಅದೇ ಮುಂದೆ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಾಯಿತು. ಮೂರು ವರುಷ ಒಂದೇ ಪಂಕ್ತಿಯಲ್ಲಿ ಉಂಡವರು ಮುಂದೆ ಬೇರೆ ಬೇರೆ ಬಣ್ಣದ ಸಮವಸ್ತ್ರ ತೊಟ್ಟರೂ ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತದೆ. ಹತ್ತಾರು ವರುಷ ಸೇವೆ ಮಾಡಿದವರಲ್ಲಿ ಆಯ್ದವರಿಗೆ ನೀಲಗಿರಿಯ ವೆಲಿಂಗ್ಟನ್ನಿನಲ್ಲಿ ಸ್ಟಾಫ್ ಕಾಲೇಜು ಇದೆ. ದೇಶ ವಿಭಜನೆಗೆ ಮೊದಲು ಇಂಥ ಕಾಲೇಜು ಕ್ವೆಟ್ಟಾದಲ್ಲಿದ್ದಿತು. 1933ರಲ್ಲಿ ಅದನ್ನು ಸೇರಿದ ಮೊದಲ ಭಾರತೀಯ ನಮ್ಮ ಕೊಡಗಿನ ಕಾರ್ಯಪ್ಪನವರು. ವೆಲಿಂಗ್ಟನ್ನಿನ ಲಾಂಛನ ಗೂಬೆ. ನಮಗೆ ಅಪಶಕುನವಾದ ಹಕ್ಕಿ ಅಲ್ಲಿ ವಿವೇಕದ ಗುರುತು!

ಶಿಕ್ಷಣವೇನೋ ಆಯಿತು, ಬಡ್ತಿಯ ಮಾತೇನು? ಪರೀಕ್ಷೆಗೆ ಬಾರದ ಪಾಠವನ್ನು ಎಷ್ಟು ಮಕ್ಕಳು ಓದುತ್ತಾರೆಂಬುದನ್ನು ಉಪಾಧ್ಯಾಯರಾದ ನಾವು ಬಲ್ಲೆವು. ಅಧಿಕಾರಿಗಳೂ ಮನುಷ್ಯರೇ ಅಷ್ಟೆ. ಬಡ್ತಿಯನ್ನು ಆಯಾ ಪಡೆಯ ಮಂಡಲಿಯೇ ನಿರ್ಣಯಿಸುವುದಾದರೆ, ಬೇರೆ ಪಡೆಯವರ ನಡುವೆ ಎರಡು ವರುಷ ಕಳೆದವನು ತನ್ನವರ ಕಣ್ಣಿಗೆ ಮರೆಯಾದೆನೇ ಎಂದು ಅಂಜುವುದು ಸಹಜ. ಅಮೆರಿಕದಲ್ಲಿಯೂ ಹೀಗೇ ಇದ್ದಿತು. 1980ರಲ್ಲಿ ಇರಾನಿನಲ್ಲಿ ಒತ್ತೆಯಾಳುಗಳನ್ನು ಬಿಡಿಸಹೋದ ಅವರ ದಂಡು ಮರುಭೂಮಿಯಲ್ಲಿ ತನ್ನ ವಿಮಾನಗಳೇ ಡಿಕ್ಕಿಯಾಗಿ 8 ಜನರನ್ನು ಕಳೆದುಕೊಂಡಿತು. 1986ರಲ್ಲಿ ಬಂದ ಕಾಯಿದೆಯು, ಜಂಟಿ ಹುದ್ದೆಯಲ್ಲಿ ದುಡಿಯದವನಿಗೆ ಜನರಲ್ ಪದವಿ ಸುಲಭವಾಗಿ ದೊರೆಯದಂತೆ ಮಾಡಿತು.

ಇದಕ್ಕೆ ಪ್ರತಿಮಾತೂ ಉಂಟು. ಹಡಗು ನಡೆಸುವ, ವಿಮಾನ ಹಾರಿಸುವ ವಿದ್ಯೆ ಬಹು ವರುಷಗಳ ಸಾಧನೆ. ಜಂಟಿ ಸೇವೆ ಬರಿಯ ಮುದ್ರೆ ಒತ್ತಿಸಿಕೊಳ್ಳುವ ಶಾಸ್ತ್ರವಾದರೆ, ಸ್ವಂತ ವಿದ್ಯೆಯೂ ಕೆಡುತ್ತದೆ, ಹೊಸದೂ ಬರುವುದಿಲ್ಲ. ಮೊದಲು ತನ್ನ ಕಸುಬಿನಲ್ಲಿ ಗಟ್ಟಿಯಾಗಿ, ಆಮೇಲೆ ನೆರೆಯವನ ಕಸುಬನ್ನು ಅರಿಯುವುದೇ ಸರಿಯಾದ ಕ್ರಮ.

ನಮ್ಮಲ್ಲಿ ಮೂರು ಪಡೆಗಳನ್ನು ಹೊಂದಿಸುವ ಮುಖ್ಯಸ್ಥರ ಹುದ್ದೆಯನ್ನು 2020ರ ಜನವರಿ 1ರಂದು ಜನರಲ್ ಬಿಪಿನ್ ರಾವತ್ ಮೊದಲಿಗರಾಗಿ ವಹಿಸಿಕೊಂಡರು. 2021ರ ಡಿಸೆಂಬರ್ 8ರಂದು ವೆಲಿಂಗ್ಟನ್ನಿನ ಆ ಕಾಲೇಜಿಗೆ ಹೋಗುವಾಗಲೇ ಹೆಲಿಕಾಪ್ಟರ್ ಬಿದ್ದು ಮಡಿದರು. ಜೊತೆಗಿದ್ದ ವಾಯುಪಡೆಯ ವರುಣ್ ಸಿಂಗ್ ಒಂದು ವಾರದ ಮೇಲೆ ನಮ್ಮ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ತೀರಿಕೊಂಡರು. 2023ರ ಕಾಯಿದೆಯಿಂದ ಜಂಟಿ ಸಂಸ್ಥೆಯ ನಾಯಕನಿಗೆ ತನ್ನ ಕೈಕೆಳಗಿನ ಮೂರು ಪಡೆಯವರ ಮೇಲೂ ಶಿಸ್ತಿನ ಅಧಿಕಾರ ಬಂದಿದೆ.

ಜಯನಗರ, ಬನಶಂಕರಿಗಳ ತಂದೆತಾಯಿಗಳೆ, ನಿಮ್ಮ ಮಕ್ಕಳು ಎಂಜಿನಿಯರಿಂಗ್ ಒಂದನ್ನೇ ನೋಡಬೇಕಾಗಿಲ್ಲ. ಅಕಾಡೆಮಿಯ ಪ್ರವೇಶಪರೀಕ್ಷೆ ವರುಷಕ್ಕೆ ಎರಡು ಸಲ ನಡೆಯುತ್ತದೆ. 2022ರಿಂದ ಹೆಣ್ಣುಮಕ್ಕಳೂ ಅಲ್ಲಿ ಕಲಿಯುತ್ತಿದ್ದಾರೆ. ಪಕ್ಕದವನ ಕೆಲಸಕ್ಕೂ ಮರ್ಯಾದೆ ಕೊಡುವ ಗುಣವನ್ನು ಮಾತ್ರ ಮನೆಯಲ್ಲಿಯೇ ಕಲಿಸಿ ಕಳುಹಿಸಿರಿ. ಅಲ್ಲಿನ ಗುರುಗಳ ಅರ್ಧ ಶ್ರಮ ಅದರಿಂದ ಉಳಿಯುತ್ತದೆ.