ಹೆಸರಿಡುವ ಹೊಣೆ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಜನ್ಮಕಲ್ಯಾಣ ದಿನದ ಧರ್ಮಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

 

ಇಂದು ಪ್ರಾತಃಕಾಲದಲ್ಲಿ ಜನ್ಮಾಭಿಷೇಕವು ಸಾಂಗವಾಗಿ ನೆರವೇರಿತು. ಬಾಲಜಿನನನ್ನು ಐರಾವತದ ಮೇಲೆ ಕುಳ್ಳಿರಿಸಿ, ಪಾಂಡುಕಶಿಲೆಗೆ ಕೊಂಡೊಯ್ದು, ಅಭಿಷೇಕ ಮಾಡಿದ ಸೌಧರ್ಮೇಂದ್ರನು ತರುವಾಯ ಮಾಡುವ ಕಾರ್ಯ ನಾಮಕರಣ. ಕಲಶಗಳ ನೀರು ಸುರಿಯುವುದನ್ನು ಜನರು ಕಣ್ತುಂಬ ನೋಡುತ್ತಾರೆ. ಹೆಸರನ್ನು ಉಚ್ಚರಿಸುವ ಆ ಕ್ಷಣ ಮಾತ್ರ ವಾದ್ಯಘೋಷದಲ್ಲಿ ಅನೇಕರ ಗಮನಕ್ಕೆ ಬಾರದೆ ಹೋಗುತ್ತದೆ. ಮನೆಗಳಲ್ಲಿಯೂ ಹೀಗೆಯೇ ಅಲ್ಲವೆ? ತೊಟ್ಟಿಲ ಶೃಂಗಾರ, ಊಟೋಪಚಾರ, ಉಡುಗೊರೆಗಳ ಚಿಂತೆ ತಿಂಗಳ ಮೊದಲೇ ಆರಂಭವಾಗುತ್ತದೆ. ಹೆಸರಿನ ಚಿಂತೆ ಹಿಂದಿನ ರಾತ್ರಿಗೆ ಉಳಿಯುತ್ತದೆ.

ಪೂರ್ವಾಚಾರ್ಯರು ಈ ಕಾರ್ಯವನ್ನು ಇಷ್ಟು ಹಗುರವಾಗಿ ಎಣಿಸಲಿಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಆದಿಪುರಾಣದಲ್ಲಿ ಗೃಹಸ್ಥನ ಬಾಳಿಗೆ ಸಂಬಂಧಿಸಿದ 53 ಗರ್ಭಾನ್ವಯ ಕ್ರಿಯೆಗಳನ್ನು ಹೇಳಿದ್ದಾರೆ. ಅವುಗಳಲ್ಲಿ ನಾಮಕರ್ಮ ಏಳನೆಯದು. ಜನಿಸಿದ 12 ದಿನಗಳ ಬಳಿಕ ಶುಭದಿನದಲ್ಲಿ ಅದನ್ನು ಮಾಡಬೇಕೆಂದು ವಿಧಿಯಿದೆ. ಹೆಸರನ್ನು ಆರಿಸಲು ಅವರು ತೋರಿಸಿರುವ ಒಂದು ಮಾರ್ಗ ಬಹಳ ಸೊಗಸಾಗಿದೆ. ಜಿನೇಂದ್ರನ 1008 ನಾಮಗಳನ್ನು ಪತ್ರಗಳಲ್ಲಿ ಬರೆದು, ಘಟದಲ್ಲಿರಿಸಿ, ಒಂದನ್ನು ಎತ್ತಿಕೊಳ್ಳುವುದು. ಇದಕ್ಕೆ ಘಟಪತ್ರ ವಿಧಾನವೆಂದು ಹೆಸರು. ಇಲ್ಲಿ ಅಜ್ಜನ ಹಟಕ್ಕಾಗಲಿ, ಅತ್ತೆಯ ಮುನಿಸಿಗಾಗಲಿ, ತಂದೆಯ ಡಂಭಕ್ಕಾಗಲಿ ಎಡೆಯಿಲ್ಲ. ಯಾವ ಪತ್ರ ಕೈಗೆ ಬಂದರೂ ಅದರಲ್ಲಿರುವುದು ಒಂದು ಸದ್ಗುಣದ ಹೆಸರೇ ಆಗಿರುತ್ತದೆ. ಅರ್ಥವಿಲ್ಲದ ಪತ್ರ ಆ ಘಟದಲ್ಲಿ ಒಂದೂ ಇಲ್ಲ.

ತೀರ್ಥಂಕರರ ನಾಮಗಳಿಗೂ ಒಂದೊಂದು ಕಾರಣವಿದೆ. ವೃಷವೆಂದರೆ ಧರ್ಮ, ಧರ್ಮದಿಂದ ಶೋಭಿಸುವವನು ವೃಷಭ. ಗರ್ಭಕ್ಕೆ ಬಂದಂದಿನಿಂದ ಐಶ್ವರ್ಯ ವೃದ್ಧಿಸಿದ್ದರಿಂದ ಅಂತಿಮ ತೀರ್ಥಂಕರರು ವರ್ಧಮಾನರಾದರು. ಆದರೆ ಅವರ ಇತರ ನಾಮಗಳನ್ನು ಗಮನಿಸಬೇಕು. ಆ ಬಾಲಕನನ್ನು ಕಂಡೊಡನೆ ಇಬ್ಬರು ಚಾರಣಮುನಿಗಳ ಸಂದೇಹ ಪರಿಹಾರವಾಯಿತು. ಅವರು ‘ಸನ್ಮತಿ’ ಎಂದು ಕರೆದರು. ಸಂಗಮದೇವನು ಸರ್ಪರೂಪದಿಂದ ಹೆದರಿಸಲು ಬಂದಾಗ ಬಾಲಕನು ಅಂಜಲಿಲ್ಲ. ಆ ದೇವನೇ ‘ಮಹಾವೀರ’ ಎಂದು ಕೊಂಡಾಡಿದನು. ವರ್ಧಮಾನವೆಂಬುದು ಹುಟ್ಟಿನೊಡನೆ ಬಂದ ಹೆಸರು. ಸನ್ಮತಿ, ಮಹಾವೀರ ಎಂಬುವು ಗಳಿಸಿದ ಹೆಸರುಗಳು. ಲೋಕವು ಇಂದಿಗೂ ಹೆಚ್ಚಾಗಿ ಗಳಿಸಿದ ಹೆಸರಿನಿಂದಲೇ ಕರೆಯುತ್ತಿದೆ.

ಬಾಹುಬಲಿ ಎಂಬ ಹೆಸರು ಕನ್ನಡ ನಾಡಿನ ಜೈನ ಮನೆಗಳಿಗೆ ಬಹು ಪ್ರಿಯವಾದುದು. ತೋಳಿನ ಬಲವುಳ್ಳವನೆಂಬುದು ಅದರ ನೇರವಾದ ಅರ್ಥ. ಆದರೆ ಮಲ್ಲಯುದ್ಧದಲ್ಲಿ ಭರತನನ್ನು ಆ ತೋಳುಗಳಿಂದ ಮೇಲೆತ್ತಿದ ಬಾಹುಬಲಿಯು ಅಣ್ಣನನ್ನು ನೆಲಕ್ಕೆ ಅಪ್ಪಳಿಸಲಿಲ್ಲ. ಮೆಲ್ಲನೆ ಇಳಿಸಿ, ಗೆದ್ದ ರಾಜ್ಯವನ್ನು ತೊರೆದು ತಪಸ್ಸಿಗೆ ನಡೆದನು. ಮಗನಿಗೆ ಬಾಹುಬಲಿಯೆಂದು ಹೆಸರಿಟ್ಟ ತಂದೆಯು ಹೆಸರಿನ ಮೊದಲ ಅರ್ಥವನ್ನಷ್ಟೇ ಕಲಿಸಿದರೆ ಮಗನು ಜಗಳಗಂಟನಾದಾನು. ಎರಡನೆಯ ಅರ್ಥವನ್ನು ಕಲಿಸಿದರೆ ಅಣ್ಣತಮ್ಮಂದಿರ ಪಾಲುಪಟ್ಟಿಯ ದಿನ ಆ ಹೆಸರು ಮನೆಯನ್ನು ಕಾಪಾಡೀತು.

ಹೆಸರಿನಲ್ಲಿ ಕೃತಜ್ಞತೆಯನ್ನು ಇರಿಸಿದ ನಿದರ್ಶನವೊಂದು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿಯೇ ಇದೆ. ಕವಿಚಕ್ರವರ್ತಿ ರನ್ನನು ಮುದುವೊಳಲಿನ, ಅಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಬಳೆಯ ವ್ಯಾಪಾರದ ಮನೆಯಿಂದ ವಿದ್ಯೆಯನ್ನರಸಿ ಹೊರಟ ಆ ತರುಣನಿಗೆ ಗಂಗರ ಮಂತ್ರಿ ಚಾವುಂಡರಾಯನ ಆಶ್ರಯ ದೊರೆಯಿತು. ಮುಂದೆ ದಾನಚಿಂತಾಮಣಿ ಅತ್ತಿಮಬ್ಬೆಯು ಪೋಷಿಸಿದಳು. ಆಕೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವು ಸಿದ್ಧವಾಯಿತು. ರನ್ನನು ತನ್ನ ಮಗನಿಗೆ ‘ರಾಯ’ ಎಂದೂ ಮಗಳಿಗೆ ‘ಅತ್ತಿಮಬ್ಬೆ’ ಎಂದೂ ಹೆಸರಿಟ್ಟನು. ಅರಮನೆಯ ಮನ್ನಣೆ ಪಡೆದ ಕವಿಯು ಮಕ್ಕಳನ್ನು ಕರೆದಾಗಲೆಲ್ಲ ತನ್ನ ಕೈಹಿಡಿದವರನ್ನು ಸ್ಮರಿಸಿದನು. ಋಣವನ್ನು ಮರೆಯದಿರಲು ಇದಕ್ಕಿಂತ ಸುಲಭವಾದ ಲೆಕ್ಕದ ಪುಸ್ತಕ ಬೇರೆ ಉಂಟೆ?

ಆ ಅತ್ತಿಮಬ್ಬೆಯಾದರೂ ಎಂತಹವಳು! ಪತಿ ನಾಗದೇವನನ್ನು ಕಳೆದುಕೊಂಡ ಬಳಿಕ ಮಗ ಅಣ್ಣಿಗದೇವನನ್ನು ಸಲಹುತ್ತ, ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಸಿ ಹಂಚಿದಳು. 1500 ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳು. ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ಹೆಣ್ಣುಮಗುವಿಗೆ ಹೆಸರನ್ನು ಹುಡುಕುವ ದಂಪತಿಗಳು ದೂರ ಹೋಗಬೇಕಾಗಿಲ್ಲ.

ಹೆಣ್ಣುಮಕ್ಕಳ ಹೆಸರಿನ ವಿಷಯದಲ್ಲಿ ಒಂದು ಕಹಿಮಾತನ್ನು ಹೇಳಲೇಬೇಕಾಗಿದೆ. ಸಾಲಾಗಿ ಹೆಣ್ಣು ಹುಟ್ಟಿದಾಗ ‘ಇನ್ನು ಸಾಕು’ ಎಂಬರ್ಥದಲ್ಲಿ ಸಾಕವ್ವ, ಸಾಕಮ್ಮ ಎಂದು ಹೆಸರಿಟ್ಟ ಮನೆಗಳುಂಟು. ನೆರೆಯ ಮಹಾರಾಷ್ಟ್ರದಲ್ಲಿ ‘ಬೇಡವಾದವಳು’ ಎಂಬರ್ಥದ ‘ನಕುಶಿ’ ಎಂಬ ಹೆಸರನ್ನೇ ಇಡುತ್ತಿದ್ದರು. 2011ರ ಅಕ್ಟೋಬರ್ ತಿಂಗಳಲ್ಲಿ ಸಾತಾರಾ ಜಿಲ್ಲೆಯ ಅಧಿಕಾರಿಗಳು ಸಮಾರಂಭವೊಂದನ್ನು ಏರ್ಪಡಿಸಿ, ಆ ಹೆಸರಿನ 285 ಬಾಲಿಕೆಯರಿಗೆ ಹೊಸ ಹೆಸರಿನ ಪ್ರಮಾಣಪತ್ರಗಳನ್ನು ನೀಡಿದರು. ಶಾಲೆಯಲ್ಲಿ ಹಾಜರಿ ಕೂಗಿದಾಗಲೆಲ್ಲ ‘ನೀನು ಬೇಡವಾಗಿದ್ದೆ’ ಎಂಬ ಮಾತನ್ನು ಕೇಳಿ ‘ಬಂದಿದ್ದೇನೆ’ ಎಂದು ಉತ್ತರಿಸಬೇಕಾದ ಮಗುವಿನ ಮನಸ್ಸನ್ನು ಊಹಿಸಿಕೊಳ್ಳಿರಿ. ಕೈಯೆತ್ತಿ ಹೊಡೆಯುವುದಷ್ಟೇ ಹಿಂಸೆಯಲ್ಲ. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ಮನೆಯಲ್ಲಿ ಇಂತಹ ಹೆಸರು ಕೇಳಿಬಂದರೆ ಆ ವ್ರತಗಳಿಗೆ ಶೋಭೆಯೆಲ್ಲಿ?

ಆದಿನಾಥರಿಗೆ ನೂರೊಂದು ಮಂದಿ ಗಂಡುಮಕ್ಕಳಿದ್ದರೂ ಅಕ್ಷರವಿದ್ಯೆಯನ್ನು ಮೊದಲು ಕಲಿಸಿದ್ದು ಪುತ್ರಿ ಬ್ರಾಹ್ಮಿಗೆ, ಅಂಕವಿದ್ಯೆಯನ್ನು ಮೊದಲು ಕಲಿಸಿದ್ದು ಪುತ್ರಿ ಸುಂದರಿಗೆ. ಲಿಪಿಯೇ ಬ್ರಾಹ್ಮಿಯ ಹೆಸರನ್ನು ಹೊತ್ತಿತು. ಮಗಳಿಗೆ ಬ್ರಾಹ್ಮಿಯೆಂದು ಹೆಸರಿಟ್ಟು ಅವಳನ್ನು ಶಾಲೆ ಬಿಡಿಸುವ ತಂದೆಯು ಆ ಹೆಸರಿಗೆ ದ್ರೋಹ ಬಗೆದಂತೆಯೇ ಸರಿ.

ಆದರೆ ಹಳೆಯ ಹೆಸರುಗಳನ್ನೆಲ್ಲ ಹಳಿಯುವುದು ನ್ಯಾಯವಲ್ಲ. ಹುಟ್ಟಿದ ಮಕ್ಕಳು ಉಳಿಯದಿದ್ದ ಕಾಲದಲ್ಲಿ, ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣನೆಂದು ಕರೆದ ತಾಯಂದಿರಿದ್ದರು. ಕಸವೆಂದರೆ ಮೃತ್ಯುವೂ ಮುಟ್ಟದೆ ಹೋದೀತೆಂಬುದು ಅವರ ಆಸೆ. ಕೇಳಲು ಒರಟಾದ ಆ ಹೆಸರಿನ ಹಿಂದೆ ಕಣ್ಣೀರಿದೆ, ವಾತ್ಸಲ್ಯವಿದೆ. ಕಿವಿಗೆ ಇಂಪಾಗಿದ್ದು ತಂದೆತಾಯಿಗಳಿಗೇ ಅರ್ಥ ತಿಳಿಯದ ಹೆಸರಿಗಿಂತ ಅದು ಸಾವಿರ ಪಾಲು ಮೇಲು.

ಹಾಗಾದರೆ ಹೆಸರನ್ನು ಆರಿಸುವವರು ಪಾಲಿಸಬೇಕಾದುದೇನು? ಮೊದಲನೆಯದಾಗಿ, ಅರ್ಥವನ್ನು ತಿಳಿದವರಿಂದ ಕೇಳಿ ಖಚಿತಪಡಿಸಿಕೊಳ್ಳಬೇಕು. ಜನ್ಮನಕ್ಷತ್ರದ ಅಕ್ಷರವನ್ನು ನೋಡುವವರೂ ಅಕ್ಷರಕ್ಕಾಗಿ ಅರ್ಥವನ್ನು ಬಲಿಗೊಡಬಾರದು. ಎರಡನೆಯದಾಗಿ, ಊರಿನ ಅಜ್ಜಿಯ ನಾಲಗೆಗೂ ಒಗ್ಗುವಂತಿರಬೇಕು. ಕರೆಯಲಾಗದ ಹೆಸರು ಕಡತದಲ್ಲಿಯೇ ಉಳಿಯುತ್ತದೆ. ಮೂರನೆಯದಾಗಿ, ಒಂದೇ ಹೆಸರನ್ನು ಒಂದೇ ಕಾಗುಣಿತದಲ್ಲಿ ಎಲ್ಲೆಡೆಯೂ ಬರೆಸಬೇಕು. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಹೆಸರಿಲ್ಲದೆ ನೋಂದಾಯಿಸಿದ ಮಗುವಿನ ಹೆಸರನ್ನು ತರುವಾಯ ಸೇರಿಸಲು ಅವಕಾಶವಿದೆ. ಆದುದರಿಂದ ಆಸ್ಪತ್ರೆಯಲ್ಲಿ ಅವಸರದಿಂದ ಯಾವುದೋ ಒಂದನ್ನು ಬರೆಸುವ ಅಗತ್ಯವಿಲ್ಲ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು: ಮಗುವಿಗೆ ತಿಳಿವಳಿಕೆ ಬಂದೊಡನೆ ಹೆಸರಿನ ಅರ್ಥವನ್ನೂ ಅದರ ಕಥೆಯನ್ನೂ ಹೇಳಬೇಕು.

ವ್ಯಾಪಾರಸ್ಥರಿಗೆ ಹುಂಡಿಯ ಮರ್ಯಾದೆ ಗೊತ್ತು. ಬರೆದುಕೊಟ್ಟ ಮಾತ್ರಕ್ಕೆ ಅದು ಹಣವಾಗದು. ವಾಯಿದೆಗೆ ಸರಿಯಾಗಿ ಸಲ್ಲಿಸಿದಾಗಲೇ ಬರೆದವನ ಮಾನ ಉಳಿಯುತ್ತದೆ. ಹೆಸರೂ ತಂದೆತಾಯಿಗಳು ಮಗುವಿಗೆ ಬರೆದುಕೊಟ್ಟ ಹುಂಡಿಯೇ. ಶಾಂತಿನಾಥನೆಂದು ಹೆಸರಿಟ್ಟ ಮನೆಯಲ್ಲಿ ಹಗಲಿರುಳು ಕಲಹವಿದ್ದರೆ, ಧರ್ಮಪಾಲನ ತಂದೆಯ ತಕ್ಕಡಿಯೇ ವಾಲಿದರೆ, ಆ ಹುಂಡಿಯನ್ನು ಸಲ್ಲಿಸುವವರು ಯಾರು? ಹೆಸರಿಗೆ ತಕ್ಕಂತೆ ಮೊದಲು ನಡೆಯಬೇಕಾದವರು ಇಟ್ಟವರೇ.

ಇಂದು ನಾಮಕರಣವಾದ ಮಾತ್ರಕ್ಕೆ ಈ ಬಿಂಬವು ಪ್ರತಿಷ್ಠಿತವಾಗಲಿಲ್ಲ. ದೀಕ್ಷಾ, ಕೇವಲಜ್ಞಾನ, ಮೋಕ್ಷ ಕಲ್ಯಾಣಗಳು ಇನ್ನೂ ನೆರವೇರಬೇಕಾಗಿವೆ. ಮನೆಯ ತೊಟ್ಟಿಲಿಗೂ ಇದೇ ಮಾತು ಸಲ್ಲುತ್ತದೆ. ಹೆಸರು ಆರಂಭ, ಸಂಸ್ಕಾರವೇ ಪ್ರತಿಷ್ಠೆ. ಈ ಬಸದಿಯ ಅಂಗಳದಲ್ಲಿ ಆಡುತ್ತಿರುವ ಮಕ್ಕಳೆಲ್ಲರೂ ತಮ್ಮ ತಮ್ಮ ಹೆಸರುಗಳಿಗೆ ಒಡೆಯರಾಗಲಿ. ಸರ್ವರಿಗೂ ಮಂಗಳವಾಗಲಿ.