ರೋಡ್‌ಕಿಂಗ್ ಎಂಜಿನ್ ಬಿಚ್ಚಿದ್ದೀರಾ? ಪವರ್ ಏರಿಸೋ ಮುಂಚೆ ಇದನ್ನ ಕೇಳಿ

ಹುಣಸಮಾರನಹಳ್ಳಿಯಿಂದ ಮಾತಾಡ್ತಾ ಇದ್ದೀನಿ. ಮಧ್ಯೆ ವಿಮಾನದ ಸದ್ದು ಬಂದ್ರೆ ಸಹಿಸ್ಕೊಳ್ಳಿ, ಏರ್‌ಪೋರ್ಟ್ ರಸ್ತೆ ಪಕ್ಕದ ಊರು ನಮ್ಮದು.

ಕೇಳುಗರೊಬ್ಬರು ಮೆಸೇಜ್ ಕಳಿಸಿದ್ದಾರೆ. "ಅಣ್ಣಾ, ತಾತನ ಯೆಜ್ಡಿ ರೋಡ್‌ಕಿಂಗ್ ಎಂಜಿನ್ ಬಿಚ್ಚಿಸಿದ್ದೀನಿ. ಹೇಗೂ ಬಿಚ್ಚಾಗಿದೆ, ಪವರ್ ಜಾಸ್ತಿ ಮಾಡಿಸಿಬಿಡ್ಲಾ?" ಹಳೇ ಸ್ಪೋರ್ಟ್ಸ್ ಕಾರ್ ಇಟ್ಕೊಂಡಿರೋರು ಪ್ರಪಂಚದ ಎಲ್ಲಾ ಕಡೆ ಕೇಳೋ ಪ್ರಶ್ನೆ ಇದು. ಆದ್ರೆ ನಮ್ಮಲ್ಲಿ ಎಷ್ಟು ಮನೆ ಮುಂದೆ ಎಂಜಿ, ಟ್ರಯಂಫ್ ನಿಂತಿದೆ? ನಿಂತಿರೋದು ಯೆಜ್ಡಿ. ಹಾಗಾಗಿ ಅದರ ಬಗ್ಗೆನೇ ಮಾತಾಡೋಣ.

ಗೊತ್ತಿಲ್ಲದವರಿಗೆ ಚುಟುಕಾಗಿ: ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಬೈಕ್‌ಗಳು ಹೊರಬರೋಕೆ ಶುರುವಾದವು. 1973ರಿಂದ ಯೆಜ್ಡಿ ಅನ್ನೋ ಹೆಸರು. 1978ರಲ್ಲಿ ರೋಡ್‌ಕಿಂಗ್ ಬಂತು. 250 ಸಿಸಿ, ಟೂ ಸ್ಟ್ರೋಕ್, ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, 16 ಬಿಎಚ್‌ಪಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. 2022ರಲ್ಲಿ ಬಂದ ಹೊಸ ಯೆಜ್ಡಿ 334 ಸಿಸಿಯ ಫೋರ್ ಸ್ಟ್ರೋಕ್. ಹೆಸರು ಬಿಟ್ರೆ ಇದರ ಎಂಜಿನ್‌ಗೂ ಅದರ ಎಂಜಿನ್‌ಗೂ ಸಂಬಂಧ ಇಲ್ಲ. ಅಂದ್ರೆ ನಿಮ್ಮ ಕೈಯಲ್ಲಿರೋ ಸಿಲಿಂಡರ್ ಮೈಸೂರಿಂದ ಇನ್ನೊಂದು ಸಲ ಬರಲ್ಲ. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಪವರ್ ಬೇಕು ಅನ್ಸೋದು ಯಾಕೆ ಅಂತ ನನಗೆ ಅರ್ಥ ಆಗುತ್ತೆ. ಬಳ್ಳಾರಿ ರಸ್ತೆಯಲ್ಲಿ ಏರ್‌ಪೋರ್ಟ್ ಕ್ಯಾಬ್‌ಗಳು ಬೆನ್ನ ಹಿಂದೆ ಹಾರ್ನ್ ಹೊಡೀತಾ ಬಂದಾಗ ತಾತನ ಗಾಡಿ ಪಿಕಪ್ ತಗೊಳ್ಳದೆ ಮುಲುಗುತ್ತೆ. ಆದ್ರೆ ಒಂದು ಮಾತು ಕೇಳಿ. ನೀವು ಓಡಿಸ್ತಿದ್ದದ್ದು 16 ಬಿಎಚ್‌ಪಿ ಗಾಡಿ ಅಲ್ಲವೇ ಅಲ್ಲ. ಮೂವತ್ತು ನಲವತ್ತು ವರ್ಷ ಸವೆದು ಎಷ್ಟೋ ಉಳಿದಿರೋ ಗಾಡಿ.

ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸ್ ಒಂದು ಪಂಪ್ ಥರ. ಪಿಸ್ಟನ್ ಮೇಲೆ ಹೋದಾಗ ಗಾಳಿ-ಪೆಟ್ರೋಲ್ ಎಳ್ಕೊಳ್ಳುತ್ತೆ, ಕೆಳಗೆ ಬಂದಾಗ ಮೇಲಕ್ಕೆ ತಳ್ಳುತ್ತೆ. ಕ್ರ್ಯಾಂಕ್‌ನ ಆಯಿಲ್ ಸೀಲ್ ಒಣಗಿ ಸೀಳಿದ್ರೆ ಆ ಪಂಪ್ ಸೋರುತ್ತೆ. ಪವರ್ ಹೋಗೋದಷ್ಟೇ ಅಲ್ಲ, ಹೊರಗಿನ ಗಾಳಿ ಸೇರಿ ಮಿಶ್ರಣ ತೆಳುವಾಗುತ್ತೆ, ಎಂಜಿನ್ ಕಾಯುತ್ತೆ. ಜೊತೆಗೆ ಸೈಲೆನ್ಸರ್ ಒಳಗೆ ಕಟ್ಟಿರೋ ಕರಿ, ಸವೆದ ಕಾರ್ಬ್ಯುರೇಟರ್ ಸ್ಲೈಡ್, ಸುಟ್ಟ ಪಾಯಿಂಟ್. ಎಂಜಿನ್ ಬಿಚ್ಚಿರುವಾಗ ದುಡ್ಡು ಮೊದಲು ಇಲ್ಲಿಗೆ ಹೋಗ್ಲಿ. ಹೊಸ ಸೀಲ್, ಹೊಸ ಬೇರಿಂಗ್, ಕನೆಕ್ಟಿಂಗ್ ರಾಡ್ ಕಿಟ್, ಕ್ರ್ಯಾಂಕ್ ನೇರ ಇದೆಯಾ ಅನ್ನೋ ಚೆಕ್. ಇದು ಇನ್‌ಸ್ಟಾದಲ್ಲಿ ಹಾಕೋಕೆ ಚೆನ್ನಾಗಿರೋ ಕೆಲಸ ಅಲ್ಲ, ಒಪ್ತೀನಿ.

ಇನ್ನು ಬೋರ್. "ಬೋರ್ ಕೊರೆಸಿದ್ರೆ ಗಾಡಿ ಹಾರುತ್ತೆ" ಅಂತಾರಲ್ಲ, ಲೆಕ್ಕ ಹಾಕೋಣ. ಈ ಎಂಜಿನ್‌ನ ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ., ಸುಮಾರು 249 ಸಿಸಿ. ಪೂರ್ತಿ 1 ಮಿ.ಮೀ. ಓವರ್‌ಸೈಜ್ ಮಾಡಿಸಿ 66ಕ್ಕೆ ತಂದ್ರೂ ಆಗೋದು ಸುಮಾರು 257 ಸಿಸಿ. ಶೇ. 3 ಏರಿಕೆ. 16 ಬಿಎಚ್‌ಪಿಯಲ್ಲಿ ಶೇ. 3 ಅಂದ್ರೆ ಅರ್ಧ ಬಿಎಚ್‌ಪಿ! ಅದಕ್ಕೋಸ್ಕರ ಸಿಲಿಂಡರ್‌ನ ಮುಂದಿನ ಎಷ್ಟೋ ವರ್ಷದ ಆಯಸ್ಸನ್ನ ಲೇತ್ ಅಂಗಡಿ ನೆಲಕ್ಕೆ ಉದುರಿಸಿ ಬರ್ತೀರಿ. ಸವೆತ ಹೋಗೋಕೆ ಎಷ್ಟು ಬೇಕೋ ಅಷ್ಟೇ ಕೊರೆಸಿ. ಕಾಲು ಮಿಲಿಮೀಟರ್‌ಗೆ ಮುಗಿಯುತ್ತೆ ಅಂದ್ರೆ ಕಾಲೇ ಸಾಕು. ಪಿಸ್ಟನ್ ಮೊದಲು ಕೈಗೆ ಬರಲಿ, ಅದನ್ನ ಅಳೆದು ಆಮೇಲೆ ಕೊರೆಯೋಕೆ ಹೇಳಿ.

ಹೆಡ್ ತುರಿಸಿ ಕಂಪ್ರೆಶನ್ ಏರಿಸೋದು ಎರಡನೇ ಆಸೆ. ಇದ್ರಿಂದ ಪವರ್ ನಿಜವಾಗ್ಲೂ ಏರುತ್ತೆ. ಆದ್ರೆ ಕಾವೂ ಏರುತ್ತೆ, ಮಿತಿ ಮೀರಿದ್ರೆ ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿದು ಪಿಸ್ಟನ್ ತಲೆಗೆ ತೂತು ಬೀಳುತ್ತೆ. ಈಗಿನ ಪೆಟ್ರೋಲ್ ಕೂಡ ಹಳೇದಲ್ಲ. ಇ20, ಅಂದ್ರೆ ಶೇ. 20 ಎಥನಾಲ್ ಸೇರಿದ್ದು, 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಲ್ಲೇ ಬಿಡುಗಡೆ ಆಯ್ತು. 1 ಕೆಜಿ ಪೆಟ್ರೋಲ್ ಉರಿಯೋಕೆ 14.7 ಕೆಜಿ ಗಾಳಿ ಬೇಕು, ಎಥನಾಲ್‌ಗೆ 9 ಕೆಜಿ ಸಾಕು. ನಿಮ್ಮ ಕಾರ್ಬ್ಯುರೇಟರ್‌ಗೆ ಇದೆಲ್ಲ ಗೊತ್ತಿಲ್ಲ, ಹಳೇ ಲೆಕ್ಕದಲ್ಲೇ ಬಿಡುತ್ತೆ. ಮಿಶ್ರಣ ತೆಳು, ಎಂಜಿನ್ ಬಿಸಿ, ಗಾಡಿ ಸೀಜ್. ಹೆಡ್ ಮುಟ್ಟಬೇಡಿ. ಮೇನ್ ಜೆಟ್ ಸ್ವಲ್ಪ ದೊಡ್ಡದು ಹಾಕಿ, ಪ್ಲಗ್ ಬಣ್ಣ ನೋಡಿ ಹೊಂದಿಸಿ. ರಬ್ಬರ್ ಪೈಪ್‌ಗಳನ್ನ ಎಥನಾಲ್ ತಡೆಯೋ ಥರದ್ದಕ್ಕೆ ಬದಲಾಯಿಸಿ. ಎಥನಾಲ್ ನೀರು ಹೀರುತ್ತೆ, ಹಾಗಾಗಿ ಗಾಡಿ ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಟ್ಯಾಂಕ್ ಖಾಲಿ ಮಾಡಿ.

ಪೋರ್ಟ್ ಉಜ್ಜಿಸೋದರ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ: ಬೇಡ. ಎಕ್ಸಾಸ್ಟ್ ಪೋರ್ಟ್ ಎತ್ತರಿಸಿದ್ರೆ ಹೆಚ್ಚು ಆರ್‌ಪಿಎಂನಲ್ಲಿ ಪವರ್ ಬರುತ್ತೆ, ಕೆಳಗೆ ಎಳೆತ ಸಾಯುತ್ತೆ. ಹೆಬ್ಬಾಳದ ಜಾಮ್‌ನಲ್ಲಿ ನಿಮಗೆ ಬೇಕಿರೋದು ಕೆಳಗಿನ ಎಳೆತ. ಉಜ್ಜಿದ ಲೋಹ ಮತ್ತೆ ಅಂಟಿಸೋಕೆ ಆಗಲ್ಲ. ರೇಸ್‌ನವರು ಹಾಕೋ ಎಕ್ಸ್‌ಪಾನ್ಶನ್ ಚೇಂಬರ್ ಸೈಲೆನ್ಸರ್ ಬೇರೆ ಮಾತು. ಅದು ಹೊರಗೆ ಹೋಗ್ತಿರೋ ಹೊಸ ಮಿಶ್ರಣವನ್ನ ಒತ್ತಡದ ಅಲೆಯಿಂದ ವಾಪಸ್ ಸಿಲಿಂಡರ್‌ಗೆ ತಳ್ಳುತ್ತೆ, ಬುದ್ಧಿವಂತ ಐಡಿಯಾ. ಅದನ್ನ ಬಿಚ್ಚಿಡಬಹುದು ಕೂಡ. ಆದ್ರೆ ಒಂದು ಸಣ್ಣ ಆರ್‌ಪಿಎಂ ಪಟ್ಟಿಯಲ್ಲಷ್ಟೇ ಕೆಲಸ ಮಾಡುತ್ತೆ, ಸದ್ದಿಗೆ ಪೊಲೀಸರು ನಿಲ್ಲಿಸ್ತಾರೆ. ರಸ್ತೆ ಗಾಡಿಗೆ ನಾನು ಹಾಕಿಸಲ್ಲ.

ನಾನು ಮಾಡಿಸೋದು ಎಲೆಕ್ಟ್ರಾನಿಕ್ ಇಗ್ನಿಷನ್. 6 ವೋಲ್ಟ್ ಗಾಡಿ ಆಗಿದ್ರೆ 12 ವೋಲ್ಟ್‌ಗೆ ಬದಲಾವಣೆ. ಕಿಡಿ ಸರಿಯಾದ ಹೊತ್ತಿಗೆ ಬೀಳುತ್ತೆ, ಹೆಡ್‌ಲೈಟ್ ಮೇಣದಬತ್ತಿ ಥರ ಇರಲ್ಲ. ಹಳೇ ಭಾಗಗಳನ್ನ ಡಬ್ಬದಲ್ಲಿ ಹೆಸರು ಬರೆದು ಇಡಿ.

ಬ್ರೇಕ್ ಬಗ್ಗೆ ಯಾರೂ ಕೇಳಲ್ಲ! ಹಿಂದೆ ಮುಂದೆ ಎರಡೂ ಡ್ರಮ್. ಮುಂದೆ ಹೋಗೋ ಕ್ಯಾಬ್‌ಗೆ ಡಿಸ್ಕ್ ಇದೆ, ಎಬಿಎಸ್ ಇದೆ. ಅದು ನಿಲ್ಲೋ ದೂರದಲ್ಲಿ ನೀವು ನಿಲ್ಲಲ್ಲ. ಡ್ರಮ್ ದುಂಡಗಿದೆಯಾ ನೋಡಿಸಿ, ಹೊಸ ಲೈನರ್, ಹೊಸ ಕೇಬಲ್ ಹಾಕಿಸಿ.

ಕಾಗದದ ವಿಷಯ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿರೋ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. ಬೇರೆ ಎಂಜಿನ್ ಕೂರಿಸೋ ಯೋಚನೆ ಇದ್ರೆ ಮೊದಲು ಯಲಹಂಕ ಆರ್‌ಟಿಒದಲ್ಲಿ ವಿಚಾರಿಸಿ. ಇನ್ನೊಂದು, 2021ರ ವಿಂಟೇಜ್ ನಿಯಮ: 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ, ಎಂಜಿನ್ ಗಣನೀಯವಾಗಿ ಬದಲಾಯಿಸದ ಗಾಡಿಗೆ ಮಾತ್ರ ಆ ನೋಂದಣಿ. ಮೊದಲ ರೋಡ್‌ಕಿಂಗ್‌ಗಳಿಗೆ 2028ಕ್ಕೆ 50 ತುಂಬುತ್ತೆ. ಆದ್ರೆ ವಿಂಟೇಜ್ ನಂಬರ್ ತಗೊಂಡ್ರೆ ದಿನಾ ಕಾಲೇಜಿಗೆ ಓಡಿಸೋ ಹಾಗಿಲ್ಲ, ಪ್ರದರ್ಶನ, ರ್‍ಯಾಲಿ ಅಂಥದ್ದಕ್ಕೆ ಮಾತ್ರ. ಎರಡರಲ್ಲಿ ಯಾವುದು ಬೇಕು ಅಂತ ಈಗ್ಲೇ ಮನೇಲಿ ಕೂತು ಮಾತಾಡಿ.

ಎಂಜಿನ್ ಕಟ್ಟಿದ ಮೇಲೆ ಮೊದಲ 500 ಕಿಲೋಮೀಟರ್ ನಿಧಾನ. ಪೂರ್ತಿ ಥ್ರಾಟಲ್ ಬೇಡ, ಒಂದೇ ವೇಗದಲ್ಲಿ ಎಳೀಬೇಡಿ, ಹತ್ತು ಹದಿನೈದು ಕಿಲೋಮೀಟರ್‌ಗೊಮ್ಮೆ ನಿಲ್ಲಿಸಿ ಆರಲು ಬಿಡಿ. ಇಳಿಜಾರಲ್ಲಿ ಥ್ರಾಟಲ್ ಮುಚ್ಚಿ ಗೇರ್‌ನಲ್ಲೇ ಜಾರಿಸ್ಕೊಂಡು ಬರಬೇಡಿ. ಪೆಟ್ರೋಲ್ ಜೊತೆಗೇ ಆಯಿಲ್ ಬರೋದು ಇದಕ್ಕೆ, ಥ್ರಾಟಲ್ ಮುಚ್ಚಿದ್ರೆ ಪಿಸ್ಟನ್‌ಗೆ ಆಯಿಲ್ ಕಮ್ಮಿ ಆಗುತ್ತೆ. ಕ್ಲಚ್ ಮೇಲೆ ಎರಡು ಬೆರಳು ಸದಾ ಇರಲಿ. ಎಂಜಿನ್ ಹಿಡಿದ ಹಾಗೆ ಅನ್ಸಿದ ತಕ್ಷಣ ಕ್ಲಚ್ ಒತ್ತಿ ಪಕ್ಕಕ್ಕೆ ಹಾಕಿ. ಯಲಹಂಕ ದಾಟಿ ದೊಡ್ಡಬಳ್ಳಾಪುರದ ಕಡೆ ಬೆಳಿಗ್ಗೆ ಆರು ಗಂಟೆಗೆ ಹೊರಟ್ರೆ ಈ ಕೆಲಸಕ್ಕೆ ರಸ್ತೆ ಖಾಲಿ ಸಿಗುತ್ತೆ. ಜೇಬಲ್ಲಿ ಒಂದು ಹೊಸ ಪ್ಲಗ್ಗು, ಪ್ಲಗ್ ಸ್ಪ್ಯಾನರ್ ಇಟ್ಕೊಂಡು ಹೋಗಿ.