ೞಕಾರಕ್ಕೆ ಬಿದ್ದ ಹೆಸರು



ಸೈಪ್ರೆಸ್‌ನಿಂದ ಹೊರಟ ಕನ್ನಡ ಸಂದೇಶ ಧಾರವಾಡದ ಫೋನಿನಲ್ಲಿ ಅಕ್ಷರ ಕೆಡದೆ ತೆರೆದುಕೊಳ್ಳುವುದು ಯೂನಿಕೋಡ್ ಕಟ್ಟಳೆಯಿಂದ. ಅಕ್ಷರಕ್ಕೊಂದು ಸಂಖ್ಯೆ, ಜಗತ್ತಿಗೆಲ್ಲ ಅದೇ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ಅಡಿಪಾಯ ಭಾರತದ್ದೇ ಆದ ಇಸ್ಕಿ ಸಂಕೇತ.

ಪಂಪನ ಕಾಲದ ೞಕಾರವೂ, ಎಂದರೆ 'ಏೞು', 'ಬಾೞ್' ಪದಗಳ ಅಕ್ಷರವೂ, ಆ ಪಟ್ಟಿಯಲ್ಲಿದೆ. ಅದರ ಅಧಿಕೃತ ಹೆಸರು ಮಾತ್ರ 'ಕನ್ನಡ ಲೆಟರ್ ಫಾ'! ೞಕಾರಕ್ಕೂ ಫಕಾರಕ್ಕೂ ಎತ್ತಣ ಸಂಬಂಧ? ತಪ್ಪನ್ನು ಕಟ್ಟಳೆಯೇ ಒಪ್ಪಿಕೊಂಡಿದೆ. ಆದರೂ ಹೆಸರನ್ನು ಬದಲಿಸುವಂತಿಲ್ಲ. ಅದನ್ನು ನೆಚ್ಚಿದ ತಂತ್ರಾಂಶಗಳು ಕೆಡಬಾರದೆಂದು ಒಮ್ಮೆ ಕೊಟ್ಟ ಹೆಸರು ಶಾಶ್ವತ. ಪಕ್ಕದಲ್ಲೊಂದು ಸರಿಯಾದ ಉಪನಾಮ ಸೇರಿಸಿದರು, ಅಷ್ಟೇ.

ಆದ್ದರಿಂದ ಕನ್ನಡ ಬಲ್ಲವರು ಮಾತಾಡಬೇಕಾದದ್ದು ನಿರ್ಣಯಕ್ಕೆ ಮುನ್ನ. ಪ್ರಸ್ತಾವವನ್ನು ಯಾರೂ ಸಲ್ಲಿಸಬಹುದು. ಮತ ಶುಲ್ಕ ತೆತ್ತ ಸದಸ್ಯರದು, ಅವರಲ್ಲಿ ದೊಡ್ಡ ಕಂಪನಿಗಳದೇ ಮೇಲುಗೈ. 2021ರಲ್ಲಿ ಹಳೆಯ ಬರಹಗಳ ನಕಾರಪೊಲ್ಲು ಪಟ್ಟಿ ಸೇರಿತು, ಈ ಸಲ ತನ್ನದೇ ಹೆಸರಿನಲ್ಲಿ.